ಹೊಲದಲ್ಲಾದ ತಪ್ಪು ಅಂದೇ ಯಜಮಾನನಿಗೆ ತಿಳಿಯಬೇಕಾದರೆ

ಹದವಾದ ಮಳೆ ಬಿದ್ದು ಎರಡು ಎಕರೆಯಲ್ಲಿ ರಾಗಿ ಬಿತ್ತನೆ ನಡೆದಿದೆ ಎಂದಿಟ್ಟುಕೊಳ್ಳೋಣ. ಆರು ಸಾಲಿನ ಕೂರಿಗೆಯ ಒಂದು ಕೊಳವೆಗೆ ಹಸಿಮಣ್ಣು ಮೆತ್ತಿಕೊಂಡು ಬೀಜ ಇಳಿಯುವುದು ನಿಂತಿದೆ. ಬಿತ್ತುವವನಿಗೆ ಇದು ಗೊತ್ತಾಗುವುದು ಸಂಜೆ ಕೂರಿಗೆ ತೊಳೆಯುವಾಗ. ಎರಡು ಎಕರೆಯೆಂದರೆ 80 ಗುಂಟೆ. ಆರರಲ್ಲಿ ಒಂದು ಸಾಲಿಗೆ ಬೀಜ ಬೀಳದಿದ್ದರೆ ಸುಮಾರು 13 ಗುಂಟೆಯಷ್ಟು ನೆಲ ಬರಿದಾಗಿ ಉಳಿಯಿತೆಂದೇ ಲೆಕ್ಕ.

ಅವನು ಅಂದು ಸಂಜೆಯೇ ಹೇಳಿದರೆ ಮರುದಿನ ಬೆಳಿಗ್ಗೆ, ಸಾಲಿನ ಗುರುತು ಇನ್ನೂ ಕಾಣುವಾಗ, ಮಣ್ಣಿನಲ್ಲಿ ಹಸಿಯಿರುವಾಗಲೇ ಆ ಸಾಲುಗಳಿಗೆ ಬೀಜ ಬಿಡಬಹುದು. ತಗಲುವ ಖರ್ಚು ಒಂದೆರಡು ಆಳಿನ ಕೂಲಿ ಮತ್ತು ಸ್ವಲ್ಪ ಬಿತ್ತನೆ ಬೀಜ ಮಾತ್ರ. ಅವನು ಹೇಳದೆ ಸುಮ್ಮನಾದರೆ ಯಜಮಾನನಿಗೆ ತಿಳಿಯುವುದು ಎಂಟು ದಿನಗಳ ಮೇಲೆ, ಪೈರು ಎದ್ದು ಸಾಲು ಖಾಲಿ ಕಂಡಾಗ. ಅಷ್ಟರಲ್ಲಿ ಮೇಲ್ಮಣ್ಣು ಒಣಗಿರುತ್ತದೆ, ಮತ್ತೊಂದು ಮಳೆಗೆ ಕಾಯಬೇಕಾಗುತ್ತದೆ. ಪಕ್ಕದ ಸಾಲುಗಳು ಹೆಚ್ಚು ತೆಂಡೆಯೊಡೆದು ಸ್ವಲ್ಪ ಜಾಗ ತುಂಬಿದರೂ, ಉಳಿದ ಜಾಗವನ್ನು ಕಳೆ ಆಕ್ರಮಿಸುತ್ತದೆ.

ಎರಡು ಸಂದರ್ಭಗಳಲ್ಲಿಯೂ ತಪ್ಪು ಒಂದೇ, ಮಾಡಿದವನೂ ಒಬ್ಬನೇ. ನಷ್ಟದಲ್ಲಿ ಇಷ್ಟು ಅಂತರವಾಗಲು ಕಾರಣ ತಪ್ಪು ಯಾವಾಗ ಯಜಮಾನನ ಕಿವಿಗೆ ಬಿತ್ತು ಎಂಬುದಷ್ಟೇ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವುದು ಹೀಗೆ. ಬೇಸಾಯದಲ್ಲಿ ಬಹುಪಾಲು ತಪ್ಪುಗಳಿಗೆ ಪರಿಹಾರವಿದೆ. ಆದರೆ ಪ್ರತಿ ಪರಿಹಾರಕ್ಕೂ ಒಂದು ಗಡುವಿದೆ. ಆದುದರಿಂದ ಹತ್ತು ಜನರನ್ನು ಕಟ್ಟಿಕೊಂಡು ಕೆಲಸ ಮಾಡಿಸುವ ರೈತ, ಸಂಘದ ಅಧ್ಯಕ್ಷ, ವಿಸ್ತರಣಾ ಕಾರ್ಯಕರ್ತ, ಇವರೆಲ್ಲ ಬೀಜ ಗೊಬ್ಬರಗಳಷ್ಟೇ ಗಮನವನ್ನು ಇನ್ನೊಂದು ವಿಷಯಕ್ಕೂ ಕೊಡಬೇಕು. ಅದೆಂದರೆ, ತಮ್ಮ ಕೈಕೆಳಗಿನವರು ಹೆದರದೆ ತಮ್ಮ ಮುಂದೆ ಬಾಯಿಬಿಡುವಂತೆ ನಡೆದುಕೊಳ್ಳುವುದು.

ಹೇಳದಿರಲು ಕಾರಣ

ಆಳು ಸುಮ್ಮನಿದ್ದರೆ ಅವನನ್ನು ಕಳ್ಳನೆಂದೋ ಸೋಮಾರಿಯೆಂದೋ ತಿಳಿಯುವುದು ವಾಡಿಕೆ. 'ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ' ಎಂಬ ಗಾದೆಯನ್ನೂ ನಾವು ಜೊತೆಗೆ ಸೇರಿಸುತ್ತೇವೆ. ಆದರೆ ಅವನ ಕಡೆಯಿಂದ ಲೆಕ್ಕ ಹಾಕಿ ನೋಡಿದರೆ ಸುಮ್ಮನಿರುವುದೇ ಅವನಿಗೆ ಲಾಭದಾಯಕವಾಗಿ ಕಾಣುತ್ತದೆ. ಹೇಳಿದರೆ ಈಗಲೇ ಬೈಗುಳ, ನಾಲ್ಕು ಜನರ ಮುಂದೆ ಅವಮಾನ, ಬಹುಶಃ ನಾಳೆಯ ಕೆಲಸಕ್ಕೂ ಕುತ್ತು. ಹೇಳದಿದ್ದರೆ ಯಾರಿಗೂ ತಿಳಿಯದೆ ಹೋಗಬಹುದು, ತಿಳಿದರೂ ತನ್ನ ಮೇಲೆ ಬಾರದಿರಬಹುದು. ಹೇಳುವುದರಿಂದಾಗುವ ಲಾಭ ಯಜಮಾನನಿಗೆ, ಕಷ್ಟ ಮಾತ್ರ ಹೇಳಿದವನಿಗೆ. ಹೀಗಿರುವಾಗ ಕೂಲಿಯಿಂದಲೇ ಸಂಸಾರ ಸಾಗಿಸುವವನು ಬಾಯಿ ಮುಚ್ಚಿಕೊಂಡಿದ್ದರೆ ಆಶ್ಚರ್ಯವಿಲ್ಲ. ಈ ಲೆಕ್ಕವನ್ನು ಬದಲಾಯಿಸಬಲ್ಲವನು ಆಳಲ್ಲ, ಯಜಮಾನ.

ನನ್ನ ಪ್ರಯೋಗದ ತಾಕುಗಳಲ್ಲಿ ಕಲಿತ ಪಾಠ

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ರಾಗಿಗೆ ಸಾರಜನಕದ ಐದು ಪ್ರಮಾಣಗಳನ್ನು ಹೋಲಿಸುವ ಒಂದು ಪ್ರಯೋಗ ಹಾಕಿದ್ದೆ. ಐದು ಪ್ರಮಾಣ, ನಾಲ್ಕು ಪುನರಾವರ್ತನೆ, ಒಟ್ಟು 20 ತಾಕುಗಳು. ಪ್ರತಿ ತಾಕಿಗೂ ಯೂರಿಯಾ ತೂಗಿ, ಪೊಟ್ಟಣ ಕಟ್ಟಿ, ಮೇಲೆ ಸಂಖ್ಯೆ ಬರೆದು ಕೊಟ್ಟಿದ್ದೆ. ಆ ಬೆಳಿಗ್ಗೆ ಗೂಟವೊಂದನ್ನು ಮುರಿದನೆಂದು ಒಬ್ಬ ಹುಡುಗನನ್ನು ಎಲ್ಲರೆದುರು ಜೋರಾಗಿ ಗದರಿಸಿದ್ದೆ. ಅದೇ ಹುಡುಗ ಮಧ್ಯಾಹ್ನ 6ನೆಯ ತಾಕಿನ ಪೊಟ್ಟಣವನ್ನು ತಲೆಕೆಳಗಾಗಿ ಹಿಡಿದು 9 ಎಂದು ಓದಿಕೊಂಡ. 6ಕ್ಕೆ ಸಲ್ಲಬೇಕಾದ ಗೊಬ್ಬರ 9ಕ್ಕೂ, 9ರದು 6ಕ್ಕೂ ಬಿತ್ತು.

ಪೈರು ಬೆಳೆದಂತೆ ಕಡಿಮೆ ಸಾರಜನಕದ ತಾಕು ಕಡುಹಸಿರಾಯಿತು, ಹೆಚ್ಚು ಸಾರಜನಕದ ತಾಕು ಬಿಳಿಚಿಕೊಂಡಿತು. ಹಿಂದೆ ಅಲ್ಲಿ ತಿಪ್ಪೆಯೇನಾದರೂ ಇತ್ತೇ ಎಂದು ನಾನು ಯೋಚಿಸಿದೆನೇ ಹೊರತು ಹುಡುಗರನ್ನು ಕೇಳಲಿಲ್ಲ. ಕೊಯ್ಲಿನ ನಂತರ ಅಂಕಿಅಂಶಗಳು ಒಂದಕ್ಕೊಂದು ಹೊಂದದೆ, ಆ ಹಂಗಾಮಿನ ಪ್ರಯೋಗವನ್ನೇ ಕೈಬಿಟ್ಟು ಮರುವರ್ಷ ಮತ್ತೆ ಹಾಕಬೇಕಾಯಿತು. ಎರಡು ವರ್ಷಗಳ ನಂತರ ಒಂದು ದಿನ ಚಹಾ ಕುಡಿಯುವಾಗ ಆ ಹುಡುಗನೇ ಹೇಳಿದ: "ಅವತ್ತು ಸಾಯಂಕಾಲ ಖಾಲಿ ಪೊಟ್ಟಣ ಎಣಿಸುವಾಗಲೇ ಗೊತ್ತಾಯ್ತು ಸಾರ್. ಬೆಳಿಗ್ಗೆ ಬೈಸಿಕೊಂಡಿದ್ದೆನಲ್ಲ, ಹೇಳೋಕೆ ಧೈರ್ಯ ಬರಲಿಲ್ಲ."

6 ಮತ್ತು 9 ಎರಡೂ ಒಂದೇ ಪುನರಾವರ್ತನೆಯ ತಾಕುಗಳು. ಅವನು ಅಂದು ಹೇಳಿದ್ದರೆ ನಾನು ಮಾಡಬೇಕಾಗಿದ್ದುದು ಪುಸ್ತಕದಲ್ಲಿ ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಿ ಬರೆಯುವುದು ಮಾತ್ರ. ಗೊಬ್ಬರವೂ ನಷ್ಟವಾಗುತ್ತಿರಲಿಲ್ಲ, ವರ್ಷವೂ ಕಳೆಯುತ್ತಿರಲಿಲ್ಲ. ತಾಕೊಂದು ಹಾಳಾದರೆ ಅದನ್ನು ಬಿಟ್ಟು ಲೆಕ್ಕ ಹಾಕುವ ವಿಧಾನ ಸಂಖ್ಯಾಶಾಸ್ತ್ರದಲ್ಲಿದೆ. ತಾಕು ಸುಳ್ಳು ಹೇಳುತ್ತಿದ್ದರೆ ಮಾತ್ರ ಯಾವ ಸೂತ್ರವೂ ಕೆಲಸಕ್ಕೆ ಬರುವುದಿಲ್ಲ. ಒಂದು ಗೂಟದ ಮೇಲಿನ ನನ್ನ ಸಿಟ್ಟಿಗೆ ತೆತ್ತ ಬೆಲೆ ಒಂದು ಹಂಗಾಮು.

ಸಂಶೋಧನೆ ಏನು ಹೇಳುತ್ತದೆ?

ಈ ವಿಷಯದ ಮೇಲೆ ಅಮೆರಿಕದ ಏಮಿ ಎಡ್ಮಂಡ್‌ಸನ್ ಎಂಬ ವಿದ್ವಾಂಸೆ ನಡೆಸಿದ ಅಧ್ಯಯನಗಳು ಪ್ರಸಿದ್ಧವಾಗಿವೆ. 1990ರ ದಶಕದಲ್ಲಿ ಅವರು ಆಸ್ಪತ್ರೆಗಳ ದಾದಿಯರ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಪರಿಶೀಲಿಸಿದರು. ಒಳ್ಳೆಯ ಮುಂದಾಳುವಿರುವ ತಂಡಗಳಲ್ಲಿ ತಪ್ಪುಗಳು ಕಡಿಮೆಯಿರಬೇಕೆಂಬುದು ಅವರ ನಿರೀಕ್ಷೆ. ದಾಖಲೆಗಳಲ್ಲಿ ಕಂಡದ್ದು ಇದಕ್ಕೆ ವಿರುದ್ಧವಾಗಿತ್ತು. ಒಳ್ಳೆಯ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ವಿಚಾರಿಸಿದಾಗ ತಿಳಿದುದೇನೆಂದರೆ, ಆ ತಂಡಗಳಲ್ಲಿ ತಪ್ಪುಗಳನ್ನು ಮುಚ್ಚಿಡದೆ ಹೇಳುತ್ತಿದ್ದರು. ಬೇರೆಡೆ ಹೆದರಿ ಮುಚ್ಚಿಡುತ್ತಿದ್ದರು. ಮುಂದೆ ಅವರು ಒಂದು ಕಾರ್ಖಾನೆಯ 51 ತಂಡಗಳನ್ನು ಅಧ್ಯಯನ ಮಾಡಿ 1999ರಲ್ಲಿ ಪ್ರಕಟಿಸಿದರು. ಕೇಳಲು, ಒಪ್ಪಿಕೊಳ್ಳಲು, ಭಿನ್ನಾಭಿಪ್ರಾಯ ಹೇಳಲು ಅಂಜಿಕೆಯಿಲ್ಲದ ತಂಡಗಳು ಹೆಚ್ಚು ಕಲಿಯುತ್ತವೆ, ಅದರಿಂದ ಅವುಗಳ ಕೆಲಸವೂ ಉತ್ತಮಗೊಳ್ಳುತ್ತದೆ ಎಂಬುದು ಅದರ ಸಾರ. ಇಂತಹ ಅಂಜಿಕೆಯಿಲ್ಲದ ವಾತಾವರಣಕ್ಕೆ 'ಮಾನಸಿಕ ಸುರಕ್ಷತೆ' ಎಂದು ಹೆಸರು.

ನಮ್ಮ ಹೊಲಕ್ಕೆ ಅನ್ವಯಿಸಿ ಹೇಳುವುದಾದರೆ, ಕಳೆದ ತಿಂಗಳಲ್ಲಿ ಯಾರೂ ನಿಮ್ಮ ಬಳಿ ಬಂದು "ಹೀಗೊಂದು ತಪ್ಪಾಯ್ತು" ಎಂದು ಹೇಳಿಲ್ಲವಾದರೆ, ತಪ್ಪೇ ನಡೆದಿಲ್ಲವೆಂದು ಹಿಗ್ಗಬಾರದು. ನಡೆದುದು ನಿಮಗೆ ತಲುಪುತ್ತಿಲ್ಲ ಎಂಬ ಅನುಮಾನ ಮೊದಲು ಬರಬೇಕು.

ಮೌನ ದುಬಾರಿಯಾಗುವ ನಾಲ್ಕು ಸಂದರ್ಭಗಳು

ಔಷಧಿ ಸಿಂಪರಣೆ: ಇಲ್ಲಿ ಬೆಳೆಯಷ್ಟೇ ಅಲ್ಲ, ಜೀವದ ಪ್ರಶ್ನೆಯೂ ಇದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿ ಬೆಳೆಗೆ ಕೀಟನಾಶಕ ಸಿಂಪಡಿಸುವಾಗ ವಿಷ ತಗಲಿ 20ಕ್ಕೂ ಹೆಚ್ಚು ರೈತರು ಮತ್ತು ಕೂಲಿಕಾರರು ಸತ್ತರು. ತಲೆನೋವು, ತಲೆಸುತ್ತು, ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ವಾಂತಿ, ಕಣ್ಣು ಮಂಜಾಗುವುದು, ಮಾಂಸಖಂಡಗಳ ಅದುರು, ಇವು ಅನೇಕ ಕೀಟನಾಶಕಗಳ ವಿಷಬಾಧೆಯ ಲಕ್ಷಣಗಳು. ಸಿಂಪಡಿಸುವವನು "ಯಾಕೋ ತಲೆ ತಿರುಗ್ತಿದೆ" ಎಂದಾಗ "ಇನ್ನೆರಡು ಟ್ಯಾಂಕು ಮುಗಿಸು" ಎನ್ನುವ ಯಜಮಾನನ ಹೊಲದಲ್ಲಿ, ಮುಂದಿನ ಸಲ ಅವನು ಹೇಳುವುದೇ ಇಲ್ಲ. ಹಾಗೆ ಹೇಳಿದ ಕೂಡಲೆ ಕೆಲಸ ನಿಲ್ಲಿಸಿ, ಅವನನ್ನು ಹೊಲದಿಂದ ಹೊರಗೆ ಗಾಳಿಯಾಡುವ ಕಡೆಗೆ ಕರೆತಂದು, ಬಟ್ಟೆ ತೆಗೆಸಿ, ಸೋಪು ನೀರಿನಿಂದ ಮೈ ತೊಳೆದು, ಔಷಧಿಯ ಡಬ್ಬಿ ಅಥವಾ ಅದರ ಚೀಟಿಯೊಂದಿಗೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬಲವಂತವಾಗಿ ವಾಂತಿ ಮಾಡಿಸಕೂಡದು. ಅಂದಿನ ಪೂರ್ತಿ ಕೂಲಿಯನ್ನು ಕೊಡತಕ್ಕದ್ದು. ಕೂಲಿ ಕಡಿತವಾಗುತ್ತದೆಂಬ ಭಯವೇ ಎಷ್ಟೋ ಜನರ ಬಾಯಿ ಕಟ್ಟುತ್ತದೆ.

ಕಳೆನಾಶಕದ ಪಂಪು: 2,4-ಡಿ ಕಳೆನಾಶಕ ಹೊಡೆದ ಪಂಪನ್ನು ಸರಿಯಾಗಿ ತೊಳೆಯದೆ ಹತ್ತಿಗೋ ಟೊಮ್ಯಾಟೊಗೋ ಬೇರೆ ಔಷಧಿ ಹೊಡೆದರೆ ಎಲೆಗಳು ಮುರುಟಿ ವಿಕಾರವಾಗುತ್ತವೆ. ಕಳೆನಾಶಕಕ್ಕೆ ಬೇರೆಯೇ ಪಂಪು ಇಡುವುದು ಕ್ಷೇಮ. ಆದರೂ ಪಂಪುಗಳು ಅದಲುಬದಲಾಗುವುದುಂಟು. "ಅಣ್ಣಾ, ಇದು ನಿನ್ನೆ ಕಳೆಗೆ ಹೊಡೆದ ಪಂಪಲ್ವಾ?" ಎಂದು ಹದಿನೆಂಟರ ಹುಡುಗ ಕೇಳುವ ಒಂದು ಮಾತಿಗೆ ಇಡೀ ತೋಟದ ಬೆಲೆಯಿದೆ. "ನಿನಗ್ಯಾಕೋ ಅದೆಲ್ಲ, ಹೇಳಿದಷ್ಟು ಮಾಡು" ಎಂದರೆ ಆ ಮಾತು ಮತ್ತೆ ಹೊರಡುವುದಿಲ್ಲ.

ಹೊಸ ಹುಳು, ಹೊಸ ರೋಗ: ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊಟ್ಟಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಮೊದಲಿಗೆ ಎಲೆಯ ಮೇಲೆ ಕಾಗದದಂತೆ ಬೆಳ್ಳಗಾದ ಸಣ್ಣ ಮಚ್ಚೆಗಳು ಕಾಣುತ್ತವೆ. ಹುಳು ಬೆಳೆದು ಸುಳಿಯೊಳಗೆ ಸೇರಿದ ಮೇಲೆ ಔಷಧಿ ತಾಗುವುದು ಕಷ್ಟ. ಈ ಮಚ್ಚೆಗಳನ್ನು ಮೊದಲು ನೋಡುವವರು ಬದುವಿನ ಮೇಲೆ ನಿಂತ ಯಜಮಾನರಲ್ಲ, ಬಗ್ಗಿ ಕಳೆ ತೆಗೆಯುವ ಹೆಣ್ಣಾಳುಗಳು. ಅವರನ್ನು ಎಷ್ಟು ಸಲ ಕೇಳಿದ್ದೇವೆ? "ಏನವ್ವಾ, ಇವತ್ತು ಪೈರಿನಲ್ಲಿ ಹೊಸದೇನಾದರೂ ಕಂಡಿತಾ?" ಎಂಬ ಪ್ರಶ್ನೆಗೆ ಒಂದು ಪೈಸೆಯೂ ಖರ್ಚಿಲ್ಲ.

ಡೇರಿಯ ಹಾಲು: ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಡೇರಿಗೆ ಹಾಕಬಾರದು. ಮನೆಯಲ್ಲಿ ಗೊತ್ತಿಲ್ಲದೆ ಯಾರೋ ಕರೆದು ಕ್ಯಾನಿಗೆ ಸೇರಿಸಿಬಿಡುತ್ತಾರೆ. ಡೇರಿಯ ಬಾಗಿಲಲ್ಲಿ ಹೇಳಿದರೆ ಒಂದು ಕ್ಯಾನು ಹಾಲು ನಷ್ಟ. ಹೇಳದಿದ್ದರೆ ಅದು ಊರಿನವರೆಲ್ಲರ ಹಾಲಿನೊಂದಿಗೆ ಸೇರುತ್ತದೆ. ಬಂದು ಹೇಳಿದ ಹೆಣ್ಣುಮಗಳನ್ನು ಸಾಲಿನಲ್ಲಿ ನಿಂತವರ ಮುಂದೆ ಕಾರ್ಯದರ್ಶಿ ಹೀಯಾಳಿಸಿದರೆ, ಸಾಲಿನಲ್ಲಿರುವ ಉಳಿದ ಐವತ್ತು ಜನವೂ ಆ ಪಾಠವನ್ನು ಕಲಿತುಕೊಂಡು ಮನೆಗೆ ಹೋಗುತ್ತಾರೆ.

ಮುಂದಾಳು ಅನುಸರಿಸಬೇಕಾದ ಕ್ರಮಗಳು

1. ಮೊದಲ ಮಾತನ್ನು ಹಿಡಿತದಲ್ಲಿಡಬೇಕು. ತಪ್ಪು ಹೇಳಿಕೊಂಡು ಬಂದವನಿಗೆ ನೀವು ಆಡುವ ಮೊದಲ ಮಾತೇ ಮುಂದಿನದನ್ನೆಲ್ಲ ನಿರ್ಧರಿಸುತ್ತದೆ. "ಈಗಲೇ ಹೇಳಿದ್ದು ಒಳ್ಳೇದಾಯ್ತು ಕಣಪ್ಪ" ಎಂದು ಮೊದಲು ಹೇಳಿ, ಆಮೇಲೆ ತಪ್ಪಿನ ವಿಚಾರಕ್ಕೆ ಬನ್ನಿ. ಸಿಟ್ಟು ಬಂದಿದ್ದರೆ ಒಂದು ಚೆಂಬು ನೀರು ಕುಡಿದು ಬಂದು ಮಾತನಾಡಿ.

2. 'ಯಾರು' ಎಂದು ಕೇಳುವ ಮುಂಚೆ 'ಹೇಗೆ' ಎಂದು ಕೇಳಬೇಕು. "ಯಾವನು ಮಾಡಿದ್ದು?" ಎಂದರೆ ಹತ್ತು ಕೈಗಳು ಒಬ್ಬನತ್ತ ತೋರುತ್ತವೆ, ಇಲ್ಲವೇ ಎಲ್ಲರೂ ನೆಲ ನೋಡುತ್ತಾರೆ. "ಎಲ್ಲಿ ತೊಡಕಾಯ್ತು?" ಎಂದರೆ ಕಾರಣ ಸಿಗುತ್ತದೆ. ನನ್ನ ಪೊಟ್ಟಣದ ಸಂಗತಿಯಲ್ಲಿ ಕಾರಣ ಹುಡುಗನಲ್ಲ, ಸಂಖ್ಯೆ ಬರೆದ ರೀತಿ. ಈಗ ನಾನು 6 ಮತ್ತು 9ರ ಕೆಳಗೆ ಗೆರೆ ಎಳೆಯುತ್ತೇನೆ. ಆ ತಪ್ಪು ಮರುಕಳಿಸಿಲ್ಲ.

3. ತನ್ನ ತಪ್ಪನ್ನು ತಾನೇ ಮೊದಲು ಹೇಳಬೇಕು. "ಈ ಸಲ ನಾನು ಬೀಜ ತರಲು ಎರಡು ದಿನ ತಡಮಾಡಿದೆ, ಅದರಿಂದ ಹದ ತಪ್ಪಿತು" ಎಂದು ಯಜಮಾನನೇ ಒಪ್ಪಿಕೊಂಡರೆ ಅವನ ಗೌರವ ಕುಂದುವುದಿಲ್ಲ. ಇಲ್ಲಿ ತಪ್ಪು ಒಪ್ಪಿಕೊಂಡರೆ ಆಕಾಶ ಬೀಳುವುದಿಲ್ಲ ಎಂಬುದು ಉಳಿದವರಿಗೆ ಕಣ್ಣಾರೆ ತಿಳಿಯುತ್ತದೆ.

4. ದಿನಕ್ಕೊಮ್ಮೆ ತಾನಾಗಿ ಕೇಳಬೇಕು. ಕೂಲಿ ಕೊಡುವ ಮುಂಚೆ ಕೇಳಿದರೆ ಭಯಕ್ಕೆ ಎಡೆಯಾಗುತ್ತದೆ. ಕೂಲಿ ಕೊಟ್ಟ ಮೇಲೆ, ಅಥವಾ ಊಟದ ಹೊತ್ತಿನಲ್ಲಿ ಕೇಳುವುದು ಲೇಸು. "ಎಲ್ಲ ಸರಿಯಾಯ್ತಾ?" ಎಂದರೆ "ಹೂಂ" ಎಂಬ ಉತ್ತರವಷ್ಟೇ ಸಿಕ್ಕೀತು. "ಇವತ್ತು ಯಾವ ಸಾಲು ನಾಳೆ ಇನ್ನೊಮ್ಮೆ ನೋಡಬೇಕು?" ಎಂದು ಕೇಳಿದರೆ ಉತ್ತರ ಹೊರಡುತ್ತದೆ.

5. ಹೇಳಿದ ತಪ್ಪಿಗೆ ಕೂಲಿ ಕಡಿಯಬಾರದು. ಒಮ್ಮೆ ಕಡಿದರೆ ಮುಂದಿನ ಹತ್ತು ತಪ್ಪುಗಳು ಮಣ್ಣಿನಡಿ ಸೇರುತ್ತವೆ.

6. ಹೇಳಿದುದರ ಮೇಲೆ ಕ್ರಮ ತೆಗೆದುಕೊಂಡು, ಅದನ್ನು ಹೇಳಿದವನಿಗೆ ತಿಳಿಸಬೇಕು. "ನೀನು ಹೇಳಿದ ಕೊಳವೆ ಸರಿಮಾಡಿಸಿದೆ" ಎಂಬ ಮಾತು ಬಹುಮಾನಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಸಡಿಲ ಬಿಡುವುದೆಂದು ಅರ್ಥವೇ?

"ಹೀಗೆ ಮಾಡಿದರೆ ಆಳುಗಳು ತಲೆಯ ಮೇಲೆ ಕೂರುತ್ತಾರೆ" ಎಂದು ಅನೇಕ ರೈತರು ಹೇಳುವುದುಂಟು. ಇದಕ್ಕೆ ಉತ್ತರವಾಗಿ ತಪ್ಪುಗಳನ್ನು ಮೂರು ಬಗೆಯಾಗಿ ವಿಂಗಡಿಸಬೇಕು. ಮೊದಲನೆಯದು ಅರಿಯದೆ ಆದದ್ದು. ಇದಕ್ಕೆ ಕಲಿಸುವುದೇ ಮದ್ದು. ಎರಡನೆಯದು ತಿಳಿದೂ ಮತ್ತೆ ಮತ್ತೆ ಅಸಡ್ಡೆಯಿಂದ ಆಗುವಂಥದ್ದು. ಇದಕ್ಕೆ ಅವನನ್ನು ಒಂಟಿಯಾಗಿ ಕರೆದು ಎಚ್ಚರಿಸಬೇಕು, ಅಗತ್ಯವಾದರೆ ಬೇರೆ ಕೆಲಸಕ್ಕೆ ಹಾಕಬೇಕು. ಮೂರನೆಯದು ಬೇಕೆಂದೇ ಮಾಡಿದ ಮೋಸ, ಉದಾಹರಣೆಗೆ ಹಾಲಿಗೆ ನೀರು ಬೆರೆಸುವುದು, ಗೊಬ್ಬರ ಕದಿಯುವುದು. ಇದಕ್ಕೆ ದಂಡನೆಯೇ ಸರಿ. ಮೂರಕ್ಕೂ ಒಂದೇ ದೊಣ್ಣೆ ಬೀಸಿದಾಗ ಮೋಸಗಾರನಂತೆ ಪ್ರಾಮಾಣಿಕನೂ ಮುಚ್ಚಿಡಲು ಕಲಿಯುತ್ತಾನೆ. ಕೆಲಸದ ಗುಣಮಟ್ಟದಲ್ಲಿ ಬಿಗಿ ಇರಲಿ. ಅಂತರ ಅಳತೆಯಂತೆಯೇ ಇರಬೇಕು, ಔಷಧಿ ತೂಕದಂತೆಯೇ ಇರಬೇಕು. ಅಳತೆ ತಪ್ಪಿದಾಗ ಬಂದು ಹೇಳುವ ದಾರಿ ಮಾತ್ರ ತೆರೆದಿರಲಿ.

ಸಂಘದ ಸಭೆಗಳಲ್ಲಿ

ರೈತ ಉತ್ಪಾದಕರ ಸಂಸ್ಥೆ, ಸ್ವಸಹಾಯ ಸಂಘ, ನೀರು ಬಳಕೆದಾರರ ಸಂಘಗಳ ಅಧ್ಯಕ್ಷರು ಒಂದು ನಿಯಮವನ್ನು ಪಾಲಿಸಿದರೆ ಬಹಳ ಪ್ರಯೋಜನವಾಗುತ್ತದೆ. ಅಧ್ಯಕ್ಷರು ತಮ್ಮ ಅಭಿಪ್ರಾಯವನ್ನು ಕೊನೆಯಲ್ಲಿ ಹೇಳುವುದು. ದೊಡ್ಡವರು ಮೊದಲು ಮಾತನಾಡಿದರೆ ಚಿಕ್ಕ ಹಿಡುವಳಿದಾರರೂ ಹೆಂಗಸರೂ "ಅವರು ಹೇಳಿದ್ದೇ ಸರಿ" ಎಂದು ಕೂತುಬಿಡುತ್ತಾರೆ. ಹಿಂದೆ ಕುಳಿತವರಿಂದ ಆರಂಭಿಸಿ ಒಬ್ಬೊಬ್ಬರನ್ನೂ ಕೇಳಿಕೊಂಡು ಬರಬೇಕು. ಕಾಲುವೆಯ ಕೊನೆಯ ಹೊಲಕ್ಕೆ ನೀರು ಹೋಗುತ್ತಿಲ್ಲವೆಂಬುದು ಕೊನೆಯ ಹೊಲದವನು ಬಾಯಿಬಿಟ್ಟರಷ್ಟೇ ತಿಳಿಯುತ್ತದೆ. ವಿರೋಧ ಹೇಳಿದವರ ಮಾತನ್ನೂ ನಡಾವಳಿ ಪುಸ್ತಕದಲ್ಲಿ ಬರೆಯತಕ್ಕದ್ದು.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು

ರೈತರು ನಮ್ಮ ಮುಂದೆ ಹೇಳುವುದೆಲ್ಲ ನಿಜವೇ ಎಂದು ನಾವು ಕೇಳಿಕೊಳ್ಳಬೇಕು. "ಶಿಫಾರಸ್ಸಿನಂತೆ ಮಾಡಿದಿರಾ?" ಎಂದು ಕೇಳಿದರೆ "ಮಾಡಿದ್ವಿ ಸಾರ್" ಎಂದೇ ಬರುವುದು ಸಹಜ. ಮಾಡದಿರಲು ಇದ್ದ ಕಾರಣ ಅಲ್ಲಿಯೇ ಹೂತುಹೋಗುತ್ತದೆ. ಹಣವಿರಲಿಲ್ಲವೋ, ಆಳು ಸಿಗಲಿಲ್ಲವೋ, ನಮ್ಮ ಶಿಫಾರಸ್ಸೇ ಅವರ ಮಣ್ಣಿಗೆ ಒಗ್ಗಲಿಲ್ಲವೋ ತಿಳಿಯದು. 1989ರಲ್ಲಿ ಇಂಡೋನೇಷ್ಯಾದಲ್ಲಿ ಭತ್ತದ ಬೆಳೆಗಾರರಿಗಾಗಿ ಆರಂಭವಾಗಿ, ನಂತರ ನಮ್ಮಲ್ಲಿಗೂ ಬಂದ ಕ್ಷೇತ್ರ ಪಾಠಶಾಲೆಯ ಕ್ರಮ ಇಲ್ಲಿ ಮಾದರಿಯಾಗಿದೆ. ಅದರಲ್ಲಿ ರೈತರು ಹಂಗಾಮಿನುದ್ದಕ್ಕೂ ವಾರಕ್ಕೊಮ್ಮೆ ಗದ್ದೆಗಿಳಿದು, ಸಣ್ಣ ಗುಂಪುಗಳಲ್ಲಿ ಗಿಡ ಮತ್ತು ಹುಳುಗಳನ್ನು ಎಣಿಸಿ, ಚಿತ್ರ ಬರೆದು, ಕಂಡದ್ದನ್ನು ಎಲ್ಲರ ಮುಂದೆ ವಿವರಿಸುತ್ತಾರೆ. "ಈ ಹುಳು ಯಾವುದು?" ಎಂದು ರೈತ ಕೇಳಿದರೆ, ಶಿಕ್ಷಕ ಕೂಡಲೆ ಹೆಸರು ಹೇಳದೆ "ಎಲ್ಲಿ ಸಿಕ್ಕಿತು? ಏನು ತಿನ್ನುತ್ತಿತ್ತು?" ಎಂದು ಕೇಳುತ್ತಾನೆ. ಅಲ್ಲಿ ತಪ್ಪು ಉತ್ತರವೆಂದರೆ ಇನ್ನೊಮ್ಮೆ ಗದ್ದೆಗೆ ಹೋಗಿ ನೋಡುವುದು, ಅಷ್ಟೇ.

ರೈತ ಬಾಂಧವರೇ, ಈ ಹಂಗಾಮಿನಲ್ಲಿ ಇದನ್ನು ಒಂದು ಸಣ್ಣ ಪ್ರಯೋಗವೆಂದು ಮಾಡಿ ನೋಡಿ. ಬಿತ್ತನೆಯಿಂದ ಕೊಯ್ಲಿನವರೆಗೆ ನಿಮ್ಮ ಲೆಕ್ಕದ ಪುಸ್ತಕದ ಕೊನೆಯಲ್ಲಿ ಒಂದು ಹಾಳೆ ಬಿಡಿ. ನಿಮ್ಮ ಬಳಿ ಯಾರೇ ಬಂದು ತಪ್ಪು ಹೇಳಿಕೊಂಡರೂ ದಿನಾಂಕ, ತಪ್ಪು, ಸರಿಪಡಿಸಲು ತಗಲಿದ ಖರ್ಚು, ಇಷ್ಟನ್ನು ಬರೆದಿಡಿ. ಹೇಳಿದವನ ಹೆಸರು ಬೇಡ. ನೀವಾಗಿಯೇ ತಡವಾಗಿ ಕಂಡುಹಿಡಿದ ತಪ್ಪುಗಳನ್ನೂ ಅವುಗಳಿಂದಾದ ನಷ್ಟವನ್ನೂ ಪಕ್ಕದಲ್ಲಿ ಬರೆಯಿರಿ. ಕೊಯ್ಲಿನ ಹೊತ್ತಿಗೆ ಎರಡೂ ಕಡೆಯ ಮೊತ್ತವನ್ನು ಕೂಡಿ ನೋಡಿ. ಗದರಿಕೆಯ ಬೆಲೆ ಎಷ್ಟೆಂಬುದನ್ನು ಆ ಹಾಳೆಯೇ ನಿಮಗೆ ಹೇಳುತ್ತದೆ.